ಸೋಸದ ನೀರು

ಚಿಕ್ಕಬೀರಮ್ಮನ ನಾಲಿಗೆಗೆ ಊರೇ ಹೆದರುತ್ತಿತ್ತು. ಜಗಳಕ್ಕೂ ಅದೇ ನಾಲಿಗೆ, ನೀರಿಗೂ ಅದೇ. ಯಾವ ಊರಿನದಾದರೂ ಒಂದು ಗುಟುಕು ಕುಡಿದರೆ ಸಾಕು, ಇದು ಬಾವಿಯದು, ಇದು ನಾಲೆಯದು ಎಂದು ಹೇಳಿಬಿಡುವಳು.

ಕೆ.ಆರ್. ನಗರದಿಂದ ನಾಲ್ಕು ಮೈಲಿ ಆಚೆಯ ಆ ಹಳ್ಳಿಗೆ ಕುಡಿಯಲು ಇದ್ದದ್ದು ಒಂದೇ ಕೆರೆ. ಎಪ್ಪತ್ತಮೂರರಲ್ಲಿ ಅದರ ಮೇಲ್ಗಡೆ ಕುಸುಬಲಕ್ಕಿ ಮಿಲ್ಲು ಎದ್ದಿತು. ಭತ್ತ ನೆನೆಹಾಕಿದ ಹಳದಿ ನೀರನ್ನು ಮಿಲ್ಲಿನ ಸಾಹುಕಾರ ಕಾಲುವೆ ತೋಡಿಸಿ ನೆಟ್ಟಗೆ ಕೆರೆಗೇ ಬಿಟ್ಟ. ಮೂರು ತಿಂಗಳಲ್ಲಿ ಕೆರೆ ಹಳಸಿದ ಗಂಜಿಯ ಹಾಗೆ ನಾರತೊಡಗಿತು. ಮಕ್ಕಳಿಗೆ ವಾಂತಿಭೇದಿ ಹತ್ತಿತು. ಚಿಕ್ಕಬೀರಮ್ಮನ ಮೊಮ್ಮಗಳು ಎಂಟು ದಿನ ಮಲಗಿದವಳು ಕಡ್ಡಿಯಾಗಿ ಎದ್ದಳು.

ಹೆಲ್ತ್ ಇನ್ಸ್‌ಪೆಕ್ಟರ್ ಮಹದೇವಯ್ಯ ಬಂದು ಗಾಜಿನ ಸೀಸೆಗಳನ್ನು ಕೊಟ್ಟರು. “ಸೋಮವಾರ ಸೋಮವಾರ ಕೆರೆ ನೀರು ತುಂಬಿ ಕಳಿಸಿ. ಕೆಟ್ಟಿದೆ ಅಂತ ಮೈಸೂರಿನ ಲ್ಯಾಬಿಂದ ಬರೆದು ಬರ್ಲಿ, ಕಾಲುವೆ ಮುಚ್ಚಿಸೋ ಜವಾಬ್ದಾರಿ ನಂದು” ಎಂದರು. ಸಂಬಳವಿಲ್ಲದ ಆ ಕೆಲಸವನ್ನು ಚಿಕ್ಕಬೀರಮ್ಮ ಹೊತ್ತುಕೊಂಡಳು. ಜೊತೆಗೆ ಪಕ್ಕದ ಮನೆಯ ಸಿದ್ದಲಿಂಗಮ್ಮ.

ನಾಲ್ಕು ಸೋಮವಾರ ಕಳೆದವು. ವರದಿ ಬಂತು. ನೀರು ತಿಳಿಯಾಗಿದೆ, ದುರ್ವಾಸನೆಯಿಲ್ಲ, ಕುಡಿಯಬಹುದು!

ಸಾಹುಕಾರ ಅದನ್ನು ಟೀ ಅಂಗಡಿ ಮುಂದೆ ಕೂಗಿ ಓದಿಸಿದ. “ಎಲ್ಲವಳೆ ನಿಮ್ಮ ಡಾಕ್ಟರಮ್ಮ?” ಎಂದು ನಕ್ಕ. ಚಿಕ್ಕಬೀರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸಿದ್ದಲಿಂಗಮ್ಮನನ್ನು ಎಳೆದುಕೊಂಡು ಸೀದಾ ಮಹದೇವಯ್ಯನವರ ಆಫೀಸಿಗೆ ಹೋದಳು.

“ಸೀಸೆ ಹೆಂಗೆ ತುಂಬಿದ್ರಿ ಅಮ್ಮ?” ಅವರು ಕೇಳಿದರು.

“ಅಚ್ಚುಕಟ್ಟಾಗೇ ತುಂಬಿವ್ನಿ ಸ್ವಾಮಿ. ಸೆರಗು ನಾಕು ಮಡಿಕೆ ಮಾಡಿ ಸೋಸ್ದೆ. ಕೊಡದೊಳಗೆ ಚಿಲ್ಲದ ಬೀಜ ತೇದು ತಿಳಿಯಾಗೋಕೆ ಬುಟ್ಟೆ. ವಾಸ್ನೆಗೆ ಎರಡೆಳೆ ಲಾವಂಚ ಹಾಕ್ದೆ. ಪರಸ್ಥಳಕ್ಕೆ ಹೋಗೋ ನೀರು, ಅಂಗೇ ಕೊಟ್ರೆ ನಮ್ಮೂರ ಮಾನ ಏನಾಯ್ತದೆ?”

ಮಹದೇವಯ್ಯ ತಲೆಮೇಲೆ ಕೈಹೊತ್ತು ಕುಳಿತರು. ಅವರು ಬಿಡಿಸಿ ಹೇಳಿದಾಗ ಚಿಕ್ಕಬೀರಮ್ಮನ ಬಾಯಿ ಕಟ್ಟಿಹೋಯಿತು. ಹುಟ್ಟಿದಾಗಿನಿಂದ ಮೊದಲ ಸಲ ಇರಬೇಕು. ಮೊಮ್ಮಗಳು ಕುಡಿದ ಹೊಲಸನ್ನು ತಾನೇ ತೊಳೆದು, ಸಿಂಗರಿಸಿ, ಸಾಹುಕಾರನ ಪರವಾಗಿ ಸಾಕ್ಷಿ ಕಳಿಸಿದ್ದಳಲ್ಲ! ನಾಚಿಕೆಯಿಂದ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಎದ್ದಳು.

ಸೋಮವಾರದವರೆಗೆ ಕಾಯುವಷ್ಟು ತಾಳ್ಮೆ ಯಾರಿಗಿದೆ? ಮಾರನೆಯ ಬೆಳಿಗ್ಗೆಯೇ ಕಾಲುವೆ ಬಾಯಿಯಲ್ಲಿ ಬಿಂದಿಗೆ ಮುಳುಗಿಸಿ, ಬಾಯಿಗೆ ಬಟ್ಟೆಯನ್ನೂ ಕಟ್ಟದೆ, ಸೊಂಟದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

“ಮುಚ್ಚಮ್ಮ ಅದನ್ನ! ಜನ ವಾಂತಿ ಮಾಡ್ಕೋತಾರೆ!” ಕಂಡಕ್ಟರು ಕಿರುಚಿದ.

“ಮಾಡ್ಕೊಳ್ಳಿ ಬುಡಪ್ಪ. ನೀನು ಮೂಸೋಕಾಗ್ದೇ ಇರೋದ್ನ ನಮ್ಮ ಮಕ್ಳು ಕುಡೀತಾವೆ.”

ಬಸ್ಸಿನಲ್ಲಿ ಮತ್ತೆ ಯಾರೂ ಉಸಿರೆತ್ತಲಿಲ್ಲ. ಎತ್ತುವ ಹಾಗೂ ಇರಲಿಲ್ಲ ಅನ್ನಿ.

ಆಫೀಸಿನಲ್ಲಿ ಮಹದೇವಯ್ಯನವರ ಎದುರು ಸಾಹುಕಾರನೇ ಕುರ್ಚಿ ಮೇಲೆ ಕುಳಿತಿದ್ದ. ತಟಕ್ಕನೆ ಮೂಗಿಗೆ ಕರ್ಚೀಫು ಒತ್ತಿಕೊಂಡ.

“ಯಾಕ್ ಸಾಹುಕಾರ್ರೆ, ನಿಮ್ಮ ಮಿಲ್ಲಿನ ನೀರು ಕಣ್ರೀ. ಗುರ್ತು ಸಿಕ್ಲಿಲ್ವಾ?” ಎನ್ನುತ್ತ ಬಿಂದಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. “ಮೈಸೂರಿಂದ ಕಾಗ್ದ ಬರೋಗಂಟ ಇದು ಇಲ್ಲೇ ಇರ್ಲಿ.”

ಮಹದೇವಯ್ಯ ತಾವೇ ಸೀಸೆ ತುಂಬಿ ಅರಗು ಹಾಕಿದರು. ಆಮೇಲೆ ಸೈಕಲ್ಲೇರಿ ಕೆರೆಗೂ ಬಂದು, ಕಣ್ಣಾರೆ ಕಂಡದ್ದನ್ನು ಬರೆದುಕೊಂಡರು. ತಿಂಗಳು ತುಂಬುವುದರೊಳಗೆ ಕಾಲುವೆಗೆ ಮಣ್ಣು ಬಿತ್ತು.

“ಇನ್ನು ಬುಡಮ್ಮೋ, ಗೆದ್ದೆಯಲ್ಲ” ಎಂದವರಿಗೆ ಅವಳು ಸೊಪ್ಪು ಹಾಕಲಿಲ್ಲ, ಸೀಸೆ ಕಳಿಸುವುದನ್ನು ಬಿಡಲೂ ಇಲ್ಲ. ಮಣ್ಣು ಹಾಕಿಸಿದ ಸಾಹುಕಾರನಿಗೆ ತೆಗೆಸುವುದೂ ಗೊತ್ತಿತ್ತಲ್ಲ. ಮನೆಗೆ ಬಂದವರಿಗೆ ಸೋಸದ ನೀರನ್ನು ಅವಳು ಸಾಯುವವರೆಗೂ ಕೊಡಲಿಲ್ಲ. ಸೋಮವಾರ ಕೆರೆಗಿಳಿಯುವಾಗ ಮಾತ್ರ, ಕೈ ಅಭ್ಯಾಸಬಲದಿಂದ ಸೋಸಲು ಹೋದೀತೆಂದು, ಸೆರಗನ್ನು ಮೊದಲು ಸೊಂಟಕ್ಕೆ ಬಿಗಿದು ಕಟ್ಟಿ ಆಮೇಲೆ ಸೀಸೆ ಮುಳುಗಿಸುತ್ತಿದ್ದಳು.