ಎರಡನೇ ಕಳ್ಳ

“ಆ ಡಾಕ್ಟ್ರು ಸಾಯಲಿ ಅಂತ ನಾನು ಬಯಸಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಬಯಸಿದೆ. ನನ್ನ ತಮ್ಮ ಹಡಗಲ್ಲಿ ಅಡುಗೆ ಮಾಡ್ತಿದ್ದವನು. ಮನೆಗೆ ಬಂದಾಗ ಜ್ವರ, ಕೆಮ್ಮು, ಹಲ್ಲು ಕಟಕಟ ಅನ್ನೋ ಚಳಿ. ಮೂಗಿನ ಪರೀಕ್ಷೇಲಿ ಫ್ಲೂ ಅಂತ ಬಂತು. ಮಲೇರಿಯಾ ಇರೋ ಕಡೆಯಿಂದ ಬಂದಿದಾನೆ ಸಾರ್, ರಕ್ತಾನೂ ನೋಡ್ತೀನಿ, ಚೀಟಿ ಬರ್ಕೊಡಿ ಅಂದೆ. ಆ ಮಹಾಶಯ ತಲೇನೇ ಎತ್ತಲಿಲ್ಲ. ‘ಕಳ್ಳ ಸಿಕ್ಕಿದ್ನಲ್ಲಮ್ಮ, ಇನ್ನೊಬ್ಬನ್ನ ಯಾಕೆ ಹುಡುಕ್ತೀಯ?’ ಅಂದ. ಎರಡನೇ ಕಳ್ಳ ಒಳಗೇ ಕೂತಿದ್ದ. ನನ್ನ ತಮ್ಮನ್ನ ಹೊತ್ಕೊಂಡೇ ಹೋದ.”

ಹೀಗೆ ಹೇಳುವವಳನ್ನು ನಮ್ಮ ಆಸ್ಪತ್ರೆಯಲ್ಲಿ ಎಲ್ಲರೂ ಗಾಜಕ್ಕ ಅನ್ನುತ್ತಾರೆ. ಗಾಜಿನ ಪಟ್ಟಿಗೆ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರುವುದು ಅವಳ ಕೆಲಸ. ಡಾಕ್ಟರ ಚೀಟಿ ಇಲ್ಲದೆ ಸೂಜಿ ಮುಟ್ಟುವ ಹಾಗಿಲ್ಲ. ತಮ್ಮ ಹೋದ ಮೇಲೆ ಕೆಲಸ ಬಿಡು ಅಂದವರಿಗೆ, ನಾನು ಬಿಟ್ಟರೆ ಆ ಡಾಕ್ಟರಿಗೆ ನೆಮ್ಮದಿಯ ನಿದ್ದೆ ಬಂದುಬಿಡುತ್ತೆ ಅಂದಳಂತೆ.

ಕೊನೆಗೆ ಆ ಡಾಕ್ಟರೂ ದೂರದ ದೇಶ ಸುತ್ತಿ ಬಂದ. ಅದೇ ಜ್ವರ, ಅದೇ ಕೆಮ್ಮು. ಮೂಗಿನ ಪರೀಕ್ಷೆಯಲ್ಲಿ ಅದೇ ಫ್ಲೂ. ತನ್ನ ಮೈಗೆ ಬಂದಾಗ ಮಾತ್ರ ಅವನಿಗೆ ಎಲ್ಲಾ ನೆನಪಾಯಿತು. ರಕ್ತ ನೋಡಬೇಕು, ಬೇಗ ಬಾ ಅಂತ ಹೇಳಿ ಕಳಿಸಿದ.

ಗಾಜಕ್ಕ ತಟ್ಟೆ ಹಿಡಿದು ಹೋದಳು. ಮಂಚದ ಪಕ್ಕ ಅವನ ತಾಯಿ, ಮಗನ ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತಾ ಕೂತಿದ್ದರು.

“ಕಳ್ಳ ಸಿಕ್ಕಿದ್ನಲ್ಲ ಸಾರ್,” ಅಂದಳು. “ಇನ್ನೊಬ್ಬ ಯಾಕೆ?”

ಅವನು ಗೋಡೆ ಕಡೆ ಮುಖ ತಿರುಗಿಸಿದ. ಏನಪ್ಪಾ ಅದು ಅಂತ ತಾಯಿ ಕೇಳಿದರು. ಗಾಜಕ್ಕ ಸೂಜಿ ಹಿಡಿದು ನಿಂತಳು. ಅವನು ಬೆರಳು ಚಾಚಿದರೂ ಮುಟ್ಟಲಿಲ್ಲ.

“ಅಮ್ಮಂಗೆ ಹೇಳಿ. ಆಮೇಲೆ ಚುಚ್ತೀನಿ.”

ಅವನು ತಾಯಿಯ ಕಡೆ ತಿರುಗಿ ಹೇಳಿದ. ಇವಳ ತಮ್ಮನ ರಕ್ತ ನಾನು ನೋಡಿಸಲಿಲ್ಲಮ್ಮ, ಕೇಳಿದರೂ ಬೇಡ ಅಂದೆ, ಅವನು ಸತ್ತುಹೋದ. ಮುದುಕಿಯ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು.

ಆಮೇಲೆ ಚುಚ್ಚಿದಳು. ಗಾಜಿನ ಕೆಳಗೆ ಕೆಂಪು ಕಣಗಳೊಳಗೆ ಸಣ್ಣ ಉಂಗುರಗಳಂತೆ ಮಲೇರಿಯಾ ಕಂಡಿತು. ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದಳು. ಔಷಧಿ ಹತ್ತಿತು, ಬದುಕಿದ.

ಕ್ಷಮಿಸಿದೆಯಾ ಅಂತ ನಾವು ಕೇಳಿದೆವು.

“ಥೂ. ಸತ್ತಿದ್ರೆ ಒಂದೇ ಸಲಕ್ಕೆ ಮುಗೀತಿತ್ತು. ಈಗ ದಿನಾ ಅವರಮ್ಮನ ಮುಖ ನೋಡ್ಕೊಂಡು ಊಟ ಮಾಡ್ಲಿ,” ಅಂದಳು. ಕೋಟಿನ ತೋಳು ಮಡಚಿ, ನಲ್ಲಿ ತಿರುಗಿಸಿ, ಬಕೆಟ್ಟಿನಲ್ಲಿ ನೆನೆಹಾಕಿದ್ದ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಉಜ್ಜತೊಡಗಿದಳು.