ನೂರ ಅರವತ್ತೊಂಬತ್ತನೆಯ ಭಾಗಾಕಾರ

ಬೆಳಗಿನ ಐದೂವರೆ. ಮುದ್ರಣಾಲಯದ ಯಂತ್ರಗಳಿಗೆ ಇನ್ನೂ ನಿದ್ದೆ. ಅವು ಶುರುವಾದರೆ ಮೇಜು ನಡುಗುತ್ತದೆ, ಚೀಟಿ ಓರೆಯಾಗುತ್ತದೆ. ಅದಕ್ಕೇ ಲೆಕ್ಕದಕ್ಕ ಈ ಹೊತ್ತಿಗೇ ಬಂದು ಕೂರುತ್ತಾರೆ. ಎಡಗೈಯಲ್ಲಿ ಭೂತಗನ್ನಡಿ, ಬಲಗೈಯಲ್ಲಿ ಚಿಮುಟ. ಉಗುರಿಗಿಂತ ಚಿಕ್ಕ ಚೀಟಿಗೆ ಅಂಟು ಸವರಿ ಹಳೆಯ ಅಂಕಿಯ ಮೇಲೆ ಕೂರಿಸುತ್ತಾರೆ. ಎಪ್ಪತ್ತೆಂಟು ಪುಟ ಮುಗಿದಿವೆ. ಎಪ್ಪತ್ತೊಂಬತ್ತನೆಯದು, ಕೊನೆಯದು, ಎಂಟು ಗಂಟೆಯೊಳಗೆ ಮುಗಿಯಬೇಕು.

ಅರವತ್ತು ದಾಟಿದ ಈಕೆ ಮೂವತ್ತು ವರ್ಷದಿಂದ ಇಲ್ಲಿ ಕರಡು ತಿದ್ದುತ್ತಿದ್ದಾರೆ. ಕಥೆ ಕಾದಂಬರಿಯದಲ್ಲ, ಸಂಖ್ಯೆಗಳ ಕುಲಗೋತ್ರದ ಪುಸ್ತಕದ್ದು. ಪುಟಕ್ಕೆ ನೂರು ಸಂಖ್ಯೆ. ಸಮವೋ ಬೆಸವೋ, ಯಾವುದರಿಂದ ಭಾಗವಾಗುತ್ತದೆ, ಭಾಜಕಗಳನ್ನು ಕೂಡಿಸಿದರೆ ತನ್ನನ್ನು ಮೀರುತ್ತದೋ ಇಲ್ಲವೋ, ಎಲ್ಲ ಅದರಲ್ಲಿದೆ. ಒಂದು ಮತ್ತು ತಾನು ಬಿಟ್ಟು ಯಾರಿಗೂ ಬಗ್ಗದ್ದು ಅವಿಭಾಜ್ಯ. ಅದಕ್ಕೆ ಪಕ್ಕದಲ್ಲೊಂದು, ಎಷ್ಟನೆಯ ಅವಿಭಾಜ್ಯ ಎಂದು ಹೇಳುವ ಕ್ರಮಸಂಖ್ಯೆಯ ಮರ್ಯಾದೆ.

ಹತ್ತೊಂಬತ್ತು ವರ್ಷದ ಹಿಂದೆ 10,22,117 ಎಂಬ ಸಂಖ್ಯೆಗೆ ಈಕೆ ಆ ಮರ್ಯಾದೆ ಕೊಟ್ಟುಬಿಟ್ಟರು. ಗೋಡೆಯ ಮೇಲಿನ ಅವಿಭಾಜ್ಯಗಳ ಪಟ್ಟಿ 997ಕ್ಕೆ ಮುಗಿಯುತ್ತಿತ್ತು. ನೂರ ಅರವತ್ತೆಂಟು ಭಾಗಾಕಾರ ಮಾಡಿದರು. ಪ್ರತಿಸಲವೂ ಶೇಷ ಉಳಿಯಿತು. ಇನ್ನೊಂದೇ ಒಂದು ಸಲ, 1009ರಿಂದ ಭಾಗಿಸಿದ್ದರೆ, 1013 ಬಂದು ಲೆಕ್ಕ ಚುಕ್ತಾ ಆಗುತ್ತಿತ್ತು.

"ಸುಸ್ತಾಗಿತ್ತು. ಪಟ್ಟಿ ಮುಗೀತು, ನಾನೂ ಮುಗಿಸ್ದೆ," ಎನ್ನುತ್ತಾರೆ. ನೆಪ ಹೇಳುವ ಜಾಯಮಾನವಲ್ಲ.

ಗೊತ್ತಾದದ್ದು ಎರಡು ವರ್ಷದ ಮೇಲೆ, ಕಣ್ಣಿನ ಡಾಕ್ಟರ ಬಾಗಿಲಲ್ಲಿ ಹೊತ್ತು ಹೋಗದೆ ಮನಸ್ಸಿನಲ್ಲೇ ಗುಣಿಸುತ್ತ ಕೂತಾಗ. 1009ನ್ನು 1013ರಿಂದ ಗುಣಿಸಿದರೆ ಅದೇ ಸಂಖ್ಯೆ ಬಂತಂತೆ. ಪುಸ್ತಕ ಆಗಲೇ ಊರೂರಿಗೆ ಹೋಗಿತ್ತು. ಅಂದಿನಿಂದ ಮನೆಯಲ್ಲಿ ತಾವು ಮೂವರು, ತಾನು, ಹೆಂಡತಿ, ಆ ಸಂಖ್ಯೆ ಎಂದು ದರ್ಜಿಯಾಗಿದ್ದ ಗಂಡ ಛೇಡಿಸುತ್ತಾರೆ.

ಒಂದು ಸುಳ್ಳು ಅವಿಭಾಜ್ಯ ನುಸುಳಿದರೆ ಅದರ ನಂತರದ ಸಾಲೆಲ್ಲ ಕೆಟ್ಟಂತೆ. ಮುಂದಿನ ಐನೂರಕ್ಕೂ ಹೆಚ್ಚು ಅವಿಭಾಜ್ಯಗಳ ಕ್ರಮಸಂಖ್ಯೆ ಒಂದೊಂದು ಹೆಚ್ಚಾಗಿದೆ. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೆ ಮಾಲೀಕರು ಹಳೆಯ ಪುಟಗಳನ್ನೇ ಫೋಟೊ ತೆಗೆದು ಅಚ್ಚು ಹಾಕಿಸುತ್ತಿದ್ದಾರೆ, ಅದೂ ಕೊನೆಯ ಸಲ. ಇಂದು ತಪ್ಪಿದರೆ ತಪ್ಪು ಶಾಶ್ವತ. ಹಾಗಾಗಿ ಬೆಳಗಿಗೊಂದು ಪುಟ, ಏಳೆಂಟು ಚೀಟಿ. ಪ್ರತಿ ಅವಿಭಾಜ್ಯವನ್ನೂ ಕ್ಯಾಲ್ಕುಲೇಟರಿನಲ್ಲಿ ಮತ್ತೆ ಭಾಗಿಸಿ ನೋಡದೆ ಚೀಟಿ ಅಂಟಿಸುವುದಿಲ್ಲ. ಪಟ್ಟಿಯಲ್ಲಿ 997ರ ಕೆಳಗೆ ಈಗ ಪೆನ್ಸಿಲಿನಲ್ಲಿ 1009, 1013 ಎಂದಿದೆ. ಸೊಂಟ ಬಿದ್ದುಹೋಗಿದೆ, ಕಣ್ಣಲ್ಲಿ ನೀರು ಸುರಿಯುತ್ತದೆ.

ಎಂಟಕ್ಕೆ ಐದು ನಿಮಿಷ. ಪುಟ ಒಯ್ಯಲು ಬಂದ ಮೇಲ್ವಿಚಾರಕರಿಗೆ ಇವರ ಮುಖ ನೋಡಿ ಅಯ್ಯೋ ಅನ್ನಿಸುತ್ತದೆ. "ಇಷ್ಟು ವರ್ಷದಲ್ಲಿ ಒಬ್ರಾದ್ರೂ ಈ ತಪ್ಪಿನ ಬಗ್ಗೆ ಕೇಳಿದ್ರಾ ಅಕ್ಕಾ?"

ಲೆಕ್ಕದಕ್ಕ ಕೊನೆಯ ಚೀಟಿಯನ್ನು ಹೆಬ್ಬೆರಳಿನಿಂದ ಒತ್ತಿ, ಅಂಟು ಆರುವವರೆಗೆ ಕಾದು, ಪುಟವನ್ನು ಎರಡೂ ಕೈಯಲ್ಲಿ ಎತ್ತಿ ಕೊಡುತ್ತಾರೆ.

"ಕೇಳಿಲ್ಲ ಅಂದ್ರೆ ನಂಬಿದ್ರು ಅಂತ," ಎನ್ನುತ್ತಾರೆ. "ನಾಳೆ ಏಳು ಗಂಟೆವರೆಗೂ ಮಲಗ್ತೀನಿ."