ಜೋಡಿ ಕೂಲಿಯಲ್ಲಿ ನನ್ನ ಪಾಲು

"ನಿನ್ನ ಕೈ ನೂರರಲ್ಲಿ ಎಷ್ಟು ಪಾಲು ಹೋಗಿದೆ ಅಂತ ಡಾಕ್ಟರು ಬರೆದುಕೊಡ್ಬೇಕಮ್ಮ" ಎಂದು ಆಸ್ಪತ್ರೆಯ ಗುಮಾಸ್ತ ಹೇಳಿದಾಗ, ಇವನಿಗೇನು ಹುಚ್ಚೇ ಎಂದುಕೊಂಡೆ. ಬಾದಾಮಿ ಕಡೆಯ ನಮ್ಮ ಕಲ್ಲುಗಣಿಯಲ್ಲಿ ಕೈ ಜಜ್ಜಿದರೆ ಅರಿಸಿನ ಮೆತ್ತಿ, ಶಿವನ ಮೇಲೆ ಭಾರ ಹಾಕುತ್ತಿದ್ದೆವು. ಬೆಂಗಳೂರಿನಲ್ಲಿ ಕೈಗೂ ಲೆಕ್ಕವಿತ್ತು.

ಊರಿಗೆ ಬಂದಾಗ ನೀವೆಲ್ಲ ಕೇಳಿದ್ದು ಒಂದೇ ಮಾತು: "ಗಂಗವ್ವ, ಕೈಗೆ ಎಷ್ಟ್ ಬಂತು?" ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಎಡಗೈಯಲ್ಲಿ ಹೊಸದಾಗಿ ಅಕ್ಷರ ತಿದ್ದಿಕೊಂಡು ಬರೆಯುತ್ತಿದ್ದೇನೆ.

ರಾಜ್ಯ ಒಂದಾಗಿ ನಾಲ್ಕೈದು ವರ್ಷಕ್ಕೆ ನಾನೂ ನಮ್ಮ ಮನೆಯವರೂ ಯಶವಂತಪುರಕ್ಕೆ ಬಂದೆವು. ಕಾರ್ಖಾನೆಯವರ ಕ್ವಾರ್ಟರ್ಸ್ ಕಟ್ಟುವ ಕೆಲಸ. ರೈಲುಹಳಿಯ ಪಕ್ಕ ತಗಡಿನ ಶೆಡ್ಡು. ಮಳೆ ಹೊಡೆದರೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಕನ್ನಡವೇ ಆದರೂ ಇಲ್ಲಿಯವರ ಮಾತು ಅರ್ಧ ತಿಳಿಯುತ್ತಿರಲಿಲ್ಲ. ಗೋಡೆ ಕಟ್ಟುವಾಗ ನಿಲ್ಲಲು ಬೊಂಬು ಕಟ್ಟುತ್ತಾರಲ್ಲ, ನಾವು ಪರಾಂಚಿ ಅನ್ನುತ್ತೇವೆ, ಇವರು ಸಾರುವೆ ಅನ್ನುತ್ತಾರೆ. ರಾಗಿಮುದ್ದೆ ಉಣ್ಣಲು ಕಲಿಸಿದವಳು ಪಕ್ಕದ ಶೆಡ್ಡಿನ ಮೆಹಬೂಬಿ. "ಅಗೀಬೇಡಿ ಅಕ್ಕ, ನುಂಗಿ" ಎಂದು ನಗುತ್ತಿದ್ದಳು. ಮೊದಲ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ಮುದ್ದೆಯ ನೆವ ಮಾಡಿಕೊಂಡು, ಜೋಳದ ರೊಟ್ಟಿ ನೆನೆದು ಅತ್ತುಬಿಟ್ಟೆ.

ಊರಲ್ಲಿದ್ದ ಹಾಗೇ ಇಲ್ಲಿಯೂ ಇದ್ದದ್ದು ಜೋಡಿ ಕೂಲಿ ಒಂದೇ. ಗಂಡ ಕಲ್ಲು ಇಟ್ಟು ಗೋಡೆ ಕಟ್ಟಬೇಕು, ಹೆಂಡತಿ ಕಲ್ಲು, ಗಾರೆ ಹೊತ್ತು ಕೊಡಬೇಕು. ಇಬ್ಬರಿಗೂ ಸೇರಿ ಒಂದೇ ಕೂಲಿ, ಅದೂ ಗಂಡನ ಕೈಗೆ. ನನಗದು ಎಂದೂ ಚುಚ್ಚಿರಲಿಲ್ಲ.

ಒಂದು ಮಧ್ಯಾಹ್ನ ಸಾರುವೆಯ ಹಗ್ಗ ಹರಿದು, ಮೇಲಿದ್ದ ಕಲ್ಲು ನನ್ನ ಬಲಗೈ ಮೇಲೆ ಬಿತ್ತು. ಹೆಬ್ಬೆರಳೊಂದೇ ಉಳಿಯಿತು. ನಮ್ಮನ್ನು ಕೆಲಸಕ್ಕಿಟ್ಟುಕೊಂಡಿದ್ದ ಮೇಸ್ತ್ರಿ ಆಸ್ಪತ್ರೆಗೆ ಮೋಸಂಬಿ ತಂದ, ಒಂದಿಷ್ಟು ನೋಟೂ ತಂದ. "ತಗೊಂಡು ಊರಿಗೋಗಮ್ಮ, ಆರಾಮಾಗಿರು."

ಮೆಹಬೂಬಿ ಅವನೆದುರಿಗೇ ಅಂದಳು: "ತಗೋಬೇಡಿ ಅಕ್ಕ. ನಮ್ಮನೆಯೋರ ಕಾಲು ಹೋದಾಗ ಹಿಂಗೇ ತಗೊಂಡು ಸುಮ್ನಾಗ್ಬಿಟ್ವಿ. ಇದಕ್ಕೆ ಕಾನೂನೈತೆ."

ಆ ಕಾನೂನಿಗೆ ನನ್ನ ನೋವು ಬೇಕಿರಲಿಲ್ಲ. ಅದಕ್ಕೆ ಬೇಕಾದದ್ದು ಎರಡೇ: ದುಡಿಯುವ ಶಕ್ತಿ ಎಷ್ಟು ಪಾಲು ಹೋಯಿತು, ತಿಂಗಳಿಗೆ ನಿನ್ನ ಕೂಲಿ ಎಷ್ಟಿತ್ತು. ಮೊದಲನೆಯದನ್ನು ಡಾಕ್ಟರು ಬರೆದರು. ಎರಡನೆಯದನ್ನು ಎಲ್ಲಿಂದ ತರಲಿ? ನನ್ನ ಕೂಲಿ ಅಂತ ಒಂದು ದಿನವೂ ಯಾರೂ ಕೊಟ್ಟಿರಲಿಲ್ಲವಲ್ಲ!

ಪರಿಹಾರ ಗೊತ್ತುಮಾಡುವ ಸಾಹೇಬರ ಮುಂದೆ ಮೇಸ್ತ್ರಿ ಅದನ್ನೇ ಹಿಡಿದ. "ಸ್ವಾಮಿ, ಕೆಲ್ಸಗಾರ ಅವನು. ಈಯಮ್ಮ ಗಂಡನ ಜೊತೆ ಬರ್ತಿದ್ಳು, ಅಷ್ಟೇ." ಹಿಂದಿನ ದಿನವೇ ನಮ್ಮ ಮನೆಯವರನ್ನು ಪಕ್ಕಕ್ಕೆ ಕರೆದು ಹೇಳಿದ್ದ: "ಕೂಲಿಯೆಲ್ಲ ನಂದೇ ಅನ್ನು ಯಮನಪ್ಪ, ನಿಂಗೆ ಕೆಲ್ಸ ತಪ್ಪಲ್ಲ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ." ಹಾಗೆ ಅಂದುಬಿಟ್ಟರೆ ನನ್ನ ಕೈಗೆ ಬೆಲೆಯೇ ಇಲ್ಲ. ಇವರೋ, ತನ್ನಂಥ ಕಲ್ಲುಕೆಲಸದವನು ಏಳು ಹಳ್ಳಿಯಲ್ಲಿಲ್ಲ ಎಂದು ಮೀಸೆ ತಿರುವುವ ಗಂಡಸು. ಹೊರುವವಳೂ ಕಟ್ಟುವವನೂ ಸಮ ಎಂದು ನಾಲ್ಕು ಜನರ ಮುಂದೆ ಅಂದಾರೆಯೇ?

"ಈ ಕೂಲಿಯಲ್ಲಿ ನಿನ್ನದೆಷ್ಟಪ್ಪ, ಅವಳದೆಷ್ಟು?" ಎಂದರು ಸಾಹೇಬರು.

ಇವರು ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ಮುಂದೆ ಬಂದರು. "ಆಕಿಗೆ ಜ್ವರ ಬಂದ ದಿನ ನಾ ಒಬ್ಬನ ಹೋಗಿದ್ನಿರೀ. ಜೋಡಿ ಇಲ್ಲ ಅಂತ ಇದ ಮೇಸ್ತ್ರಿ ನನ್ನ ಹೊಳ್ಳಿ ಕಳಿಸ್ಯಾನ. ಆಕಿ ಇಲ್ದ ನನಗ ಕೂಲಿನ ಇಲ್ಲ. ಅರ್ಧಕ್ಕರ್ಧ ಬರ್ಕೋರಿ."

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಮದುವೆಯಾದಾಗಿನಿಂದ ಇವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಸಾಹೇಬರು ಅರ್ಧ ಕೂಲಿ ನನ್ನದೆಂದು ಬರೆದರು, ಅದರ ಮೇಲೆ ಕೈಗೆ ಬೆಲೆ ಕಟ್ಟಿದರು. ಬಂದ ಹಣದಲ್ಲಿ ಸ್ಟೇಷನ್ನಿನ ಹತ್ತಿರ ಎಲೆಅಡಿಕೆ ಅಂಗಡಿ ಇಟ್ಟೆ. ಮೇಸ್ತ್ರಿ ಆಡಿದಂತೆಯೇ ಮಾಡಿದ, ಇವರ ಕೆಲಸ ಹೋಯಿತು. ಈಗ ಹೆಬ್ಬಾಳದ ಕಡೆ ಒಂಟಿ ಕೂಲಿಗೆ ಹೋಗುತ್ತಾರೆ.

ಹೋದ ಬೇಸಿಗೆಯಲ್ಲಿ, ಇನ್ನು ಅಲ್ಲೇ ನಿಂತುಬಿಡೋಣ ಎಂದೇ ಊರಿಗೆ ಬಂದಿದ್ದೆವು. ನಿಮಗದು ಗೊತ್ತಿಲ್ಲ. ಗಣಿಯ ಸಾಹುಕಾರರು "ಬಾರೋ ಯಮನಪ್ಪ, ಕೆಲಸ ಐತಿ. ಆದ್ರ ಜೋಡಿ ಬೇಕಲ್ಲೋ" ಎಂದರು. ಅಲ್ಲಿದ್ದವರೆಲ್ಲ ನನ್ನ ಕೈ ನೋಡಿದರು. ಇವರು ಗಂಟು ಹೆಗಲಿಗೇರಿಸಿ ಮತ್ತೆ ಬೆಂಗಳೂರಿನ ದಾರಿ ಹಿಡಿದರು.

ಇಲ್ಲಿ ಗಿರಾಕಿಗಳು "ಯಾವೂರಮ್ಮ ನಿಂದು?" ಎಂದರೆ ಈಗಲೂ ನಮ್ಮೂರಿನ ಹೆಸರೇ ಬಾಯಿಗೆ ಬರುತ್ತದೆ. ಬೆಂಗಳೂರು ನನ್ನ ಕೈಗೆ ಬೆಲೆ ಕಟ್ಟಿಯಾಯಿತು. ಮತ್ತೆ ಬಂದಾಗ ನೀವಾದರೂ ಎಷ್ಟು ಬಂತೆಂದು ಕೇಳಬೇಡಿ. "ಊಟ ಆತೇನ್ ಗಂಗವ್ವ?" ಅನ್ನಿ, ಸಾಕು.